ಆಕಾಶದ ಚಿತ್ರವೂ ಊರಿನ ಕೆರೆಯೂ

ಹಿಮಾಲಯದ ಹಿಮಕ್ಕೂ ಕೆಂಗೇರಿಯ ಕೆರೆಗೂ ಏನು ಸಂಬಂಧವೆಂದು ಜಮೀನುದಾರರು ಕೇಳಬಹುದು. ಉತ್ತರದ ಸಿಂಧೂ ಗಂಗಾ ನದಿಗಳಿಗೆ ಚಳಿಗಾಲದಲ್ಲಿ ಬಿದ್ದ ಹಿಮವು ಬೇಸಿಗೆಯಲ್ಲಿ ಕರಗಿ ನೀರನ್ನೊದಗಿಸುವುದು. ಕಾವೇರಿಗೂ, ಅದನ್ನು ಸೇರುವ ಅರ್ಕಾವತಿಗೂ, ಕೆಂಗೇರಿಯ ಮಗ್ಗುಲಲ್ಲಿ ಹರಿದು ಅರ್ಕಾವತಿಯನ್ನು ಕೂಡುವ ವೃಷಭಾವತಿಗೂ ಈ ಅನುಕೂಲವಿಲ್ಲ. ಮಳೆಯ ನೀರನ್ನು ಹಿಡಿದಿಟ್ಟು ಮಳೆಯಿಲ್ಲದ ತಿಂಗಳುಗಳಿಗೆ ಕೊಡುವ ಕೆಲಸವನ್ನು ಇಲ್ಲಿ ಕೆರೆಗಳೇ ಮಾಡತಕ್ಕದ್ದು. ಆದುದರಿಂದ ಅಲ್ಲಿ ಹಿಮದ ಲೆಕ್ಕವೆಷ್ಟು ಅವಶ್ಯಕವೋ ಇಲ್ಲಿ ಕೆರೆಯ ಲೆಕ್ಕವೂ ಅಷ್ಟೇ ಅವಶ್ಯಕವಾದುದು.

ಈ ಎರಡು ಲೆಕ್ಕಗಳನ್ನೂ ಈಗ ಉಪಗ್ರಹಗಳ ಚಿತ್ರದಿಂದ ತೆಗೆಯುವರು. ಹಿಮವು ಕಣ್ಣಿಗೆ ಕಾಣುವ ಬೆಳಕನ್ನು ಹಿಂದಿರುಗಿಸಿ, ಕಾಣದಿರುವ ಅವಗೆಂಪು ಬೆಳಕಿನ ಒಂದು ಭಾಗವನ್ನು ಹೀರುವುದು. ಮೋಡವಾದರೋ ಎರಡನ್ನೂ ಹಿಂದಿರುಗಿಸುವುದು. ಇದರಿಂದ ಹಿಮವಾವುದು, ಮೋಡವಾವುದು ಎಂದು ತಿಳಿಯಬರುವುದು. ನೀರೂ ಅವಗೆಂಪನ್ನು ಹೀರುವುದರಿಂದ ಚಿತ್ರದಲ್ಲಿ ಕಪ್ಪಾಗಿಯೂ, ಹಸುರು ಬೆಳೆಯು ಹೊಳಪಾಗಿಯೂ ಕಾಣುವುವು. 2024ರ ನವೆಂಬರಿನಿಂದ 2025ರ ಮಾರ್ಚಿಯವರೆಗೆ ಹಿಮಾಲಯ ಪ್ರಾಂತದಲ್ಲಿ ಹಿಮವು ನೆಲದಮೇಲೆ ನಿಂತ ಕಾಲವು ವಾಡಿಕೆಗಿಂತ ನೂರಕ್ಕೆ 23.6ರಷ್ಟು ಕಡಮೆಯಾಗಿ, 23 ವರ್ಷಗಳಲ್ಲಿಯೇ ಕನಿಷ್ಠವಾಗಿದ್ದಿತೆಂದು ಕಾಠ್ಮಂಡುವಿನ ಇಸಿಮೋಡ್ ಸಂಸ್ಥೆಯು ಪ್ರಕಟಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1973ರಿಂದೀಚಿನ ಚಿತ್ರಗಳನ್ನು ಹೋಲಿಸಿ, ನಾಲ್ಕು ದಶಕಗಳಲ್ಲಿ ನಗರದ ಜಲಾಶಯಗಳ ವಿಸ್ತೀರ್ಣವು ನೂರಕ್ಕೆ ಸುಮಾರು 79 ಪಾಲು ಕುಗ್ಗಿತೆಂದು ತೋರಿಸಿರುವರು. ಅಲ್ಲಿ ಹಿಮವನ್ನು ಕುಗ್ಗಿಸುತ್ತಿರುವುದು ಮುಖ್ಯವಾಗಿ ಭೂಮಿಯ ಕಾವು. ಇಲ್ಲಿ ಕೆರೆಯನ್ನು ಕುಗ್ಗಿಸಿದುದು ಮನುಷ್ಯನ ಕೈ.

ಈ ಚಿತ್ರಗಳು ಮೊಕದ್ದಮೆ ಹೂಡುವುದಕ್ಕೆ ಸಾಧನವೆಂದು ಹಲವರು ಶಂಕಿಸುವರು. ಈ ಶಂಕೆಯು ನಿರಾಧಾರವಲ್ಲ. 1972ರಲ್ಲಿ ಹಾರಿದ ಮೊದಲನೆಯ ಲ್ಯಾಂಡ್‌ಸ್ಯಾಟಿನ ಚಿತ್ರದಲ್ಲಿ ಒಂದು ಚುಕ್ಕೆಯು ಸುಮಾರು ಒಂದೂವರೆ ಎಕರೆ ನೆಲಕ್ಕೆ ಸಮ. ಅನಂತರದ 30 ಮೀಟರಿನ ಚಿತ್ರಗಳಲ್ಲಿಯೂ ಒಂದು ಚುಕ್ಕೆಯು ಸುಮಾರು ಒಂಬತ್ತು ಗುಂಟೆ. ಇಂಥ ಚಿತ್ರದಿಂದ ನಾಲ್ಕು ಗುಂಟೆಯ ಒತ್ತುವರಿಯನ್ನು ತೀರ್ಮಾನಿಸುವುದು ನ್ಯಾಯವಲ್ಲ. ಎಲ್ಲೆಯನ್ನು ಸರ್ವೆಯ ಅಳತೆಯೇ ಗೊತ್ತುಮಾಡಬೇಕು. ಆದರೆ ಕೆರೆಯು ಯಾವ ವರ್ಷ ಎಷ್ಟು ಹರಡಿತ್ತೆಂಬುದಕ್ಕೆ ಪಕ್ಷಪಾತವಿಲ್ಲದ ಸಾಕ್ಷಿ ಇದಕ್ಕಿಂತ ಬೇರೊಂದು ದೊರೆಯುವುದು ದುರ್ಲಭ. ಅದು ತಪ್ಪುಮಾಡದವನನ್ನು ಸುಳ್ಳು ಆಪಾದನೆಯಿಂದಲೂ ಕಾಪಾಡಬಲ್ಲುದು.

ಚಿತ್ರವನ್ನು ಪೂರ್ತಿಯಾಗಿ ನಂಬುವುದೂ ಅಪಾಯವೇ. ಹಿಮದ ಹರವನ್ನು ತೋರಿಸುವ ಚಿತ್ರವು ಅದರ ಆಳವನ್ನು ತೋರಿಸದು. ಹಾಗೆಯೇ ಕೆರೆಯ ಹೂಳನ್ನೂ ತೋರಿಸದು. ಅಂತರಗಂಗೆ ಮುಚ್ಚಿದ ಕೆರೆಯು ಹಸುರು ಬಯಲಿನಂತೆ ಕಾಣುವುದು. ವೃಷಭಾವತಿಯಲ್ಲಿ ನಗರದ ಕೊಳಚೆಯು ವರ್ಷವೆಲ್ಲ ಹರಿಯುತ್ತಿರುವುದರಿಂದ, ಅದರ ಕೆಳಗಿನ ಬೈರಮಂಗಲದ ಜಲಾಶಯದಲ್ಲಿ ಬೇಸಿಗೆಯಲ್ಲಿಯೂ ನೀರು ಕಾಣಬಹುದು. ಆ ನೀರು ಎಂಥದೆಂಬುದನ್ನು ಅದರಿಂದ ಗದ್ದೆ ಮಾಡುವ ರೈತನನ್ನೇ ಕೇಳಬೇಕು.

ಆದುದರಿಂದ ಗ್ರಾಮ ಮುಖಂಡರು ವರ್ಷಕ್ಕೆರಡಾವರ್ತಿ, ಮಳೆಗಾಲ ಮುಗಿದಮೇಲೊಮ್ಮೆ, ಬೇಸಿಗೆಯ ಕೊನೆಯಲ್ಲೊಮ್ಮೆ, ಉಪಗ್ರಹದ ಚಿತ್ರವನ್ನೂ ಗ್ರಾಮನಕ್ಷೆಯನ್ನೂ ಹಿಡಿದು ಏರಿಯ ಮೇಲೆ ನಡೆದು, ನೀರಿನ ಅಂಚು, ಹೂಳು, ಕಳೆ, ತೂಬು, ರಾಜಕಾಲುವೆಗಳ ಸ್ಥಿತಿಯನ್ನು ಬರೆದಿಡುವುದು ಯುಕ್ತ. ಸರ್ವೆ ನಂಬರುಗಳನ್ನು ಕಂದಾಯ ಇಲಾಖೆಯ ದಿಶಾಂಕ್ ಮೂಲಕ ಮೊಬೈಲಿನಲ್ಲಿಯೇ ನೋಡಬಹುದು. ಕೆಂಗೇರಿಯು 2007ರಲ್ಲಿ ಮಹಾನಗರದೊಳಗೆ ಸೇರಿತು. 2021ರಲ್ಲಿ ಮೆಟ್ರೋ ರೈಲೂ ಬಂದಿತು. ನಗರವು ಇನ್ನೂ ತಲಪದಿರುವ ಗ್ರಾಮಗಳಿಗೆ ಲೆಕ್ಕವಿಡಲು ಕಾಲವುಂಟು. ಕೆರೆಯಂಗಳದಲ್ಲಿ ನಾಲ್ಕು ಗುಂಟೆ ಗಳಿಸಿದವನ ಬಾವಿಯೂ ಆ ಕೆರೆಯ ನೀರಿನಿಂದಲೇ ಊರತಕ್ಕದ್ದೆಂಬುದನ್ನು ಜಮೀನುದಾರರು ಮರೆಯಬಾರದು.