ಮಳೆ ಹೇಳುವ ಮಾದರಿ ಹೊಗೆಯನ್ನೂ ಹೇಳಬಲ್ಲುದೇ?

ಬೆಂಗಳೂರಿನ ಚಿಕ್ಕಪೇಟೆಯ ಮಗ್ಗುಲಲ್ಲೇ ಇರುವ ಕೃಷ್ಣರಾಜ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಹೂವಿನ ಮೂಟೆ ಹೊರುವ ಹಮಾಲಿ ಎಂಥ ಗಾಳಿಯನ್ನು ಸೇವಿಸುತ್ತಾನೆ? ಉತ್ತರ ಹೇಳುವ ಹೊಣೆ ಇಂದು ಹೆಚ್ಚುಹೆಚ್ಚಾಗಿ ಗಣಕಯಂತ್ರದ ಪಾಲಾಗುತ್ತಿದೆ. ಹವಾಮಾನ ಮಾದರಿಯೊಂದು ಗಾಳಿಯ ವೇಗ, ಉಷ್ಣತೆಗಳನ್ನು ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ಆಧರಿಸಿ ಮತ್ತೊಂದು ಮಾದರಿ ಹೊಗೆ, ಧೂಳಿನ ಪ್ರಮಾಣವನ್ನು ಅಂದಾಜಿಸುತ್ತದೆ. ತಳಪಾಯವೇ ವಾಲಿದರೆ ಗೋಡೆ ನೆಟ್ಟಗೆ ನಿಂತೀತೇ?

ನೆಲಕ್ಕೆ ಹೊಂದಿ ಗಾಳಿ ಬೆರೆಯುವ ಪದರವನ್ನು ಮುಚ್ಚಳವಿರುವ ಪೆಟ್ಟಿಗೆಯೆಂದು ಭಾವಿಸೋಣ. ಚಳಿಗಾಲದ ರಾತ್ರಿ ನೆಲ ತಣಿದಂತೆ ಮುಚ್ಚಳ ಕೆಳಗಿಳಿಯುತ್ತದೆ, ಗಾಳಿ ಮಂದವಾಗುತ್ತದೆ, ಹೊಗೆ ಮಡುಗಟ್ಟುತ್ತದೆ. ಮಾದರಿಯು ಗಾಳಿಯ ವೇಗವನ್ನು ಇಮ್ಮಡಿಯಾಗಿ ಹೇಳಿದರೆ ಕಾಗದದ ಮೇಲಿನ ಮಾಲಿನ್ಯ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಪದರದ ಎತ್ತರವನ್ನೂ ಇಮ್ಮಡಿ ಹೇಳಿದರೆ ಕಾಲು ಭಾಗಕ್ಕಿಳಿಯುತ್ತದೆ. ಹಮಾಲಿಯ ಶ್ವಾಸಕೋಶಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಮಂದಗಾಳಿಯ ವೇಗವನ್ನು ಹೆಚ್ಚಾಗಿ ತೋರಿಸುವುದು ಇಂಥ ಮಾದರಿಗಳಲ್ಲಿ ಪದೇ ಪದೇ ಕಂಡುಬಂದಿರುವ ದೋಷ.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿ, 2025ರ ಮೇ ತಿಂಗಳಿನಲ್ಲಿ ಲೋಕಾರ್ಪಣೆಗೊಂಡ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್' ಹಿಂದಿನ 12 ಕಿ.ಮೀ. ಚೌಕವನ್ನು 6 ಕಿ.ಮೀ.ಗೆ ಇಳಿಸಿತು. ರೈತನಿಗೆ ಮಳೆ ತಿಳಿಸಲು ಇದು ಶ್ಲಾಘನೀಯ ಹೆಜ್ಜೆ. ಆದರೂ ಅಂಥ ಒಂದು ಚೌಕವೆಂದರೆ 36 ಚದರ ಕಿ.ಮೀ.; ಚಿಕ್ಕಪೇಟೆ, ಬಳೇಪೇಟೆ, ಅವೆನ್ಯೂ ರಸ್ತೆ, ಚಾಮರಾಜಪೇಟೆಗಳೆಲ್ಲ ಒಂದೇ ಸರಾಸರಿಯಲ್ಲಿ ಕರಗಿಹೋಗುವಷ್ಟು ವಿಸ್ತಾರ. ಇಕ್ಕಟ್ಟಾದ ಗಲ್ಲಿಯಲ್ಲಿ ಸಿಕ್ಕಿಕೊಂಡ ಹೊಗೆ ಆ ಚೌಕಕ್ಕೆ ಕಾಣುವುದಿಲ್ಲ.

'ಮಾದರಿಯನ್ನು ಪರೀಕ್ಷಿಸಲಾಗಿದೆ' ಎಂಬ ಸಮಾಧಾನ ಬರುತ್ತದೆ. ಯಾವುದರಲ್ಲಿ ಪರೀಕ್ಷೆ? ಮಳೆಯಲ್ಲಿ ತೇರ್ಗಡೆಯಾದದ್ದು ಮಂದಗಾಳಿಯಲ್ಲಿಯೂ ತೇರ್ಗಡೆಯಾಗಬೇಕೆಂದಿಲ್ಲ. ಮುಂಗಾರಿನ ಬಿರುಗಾಳಿಯನ್ನೂ ಮಾಗಿಯ ನಿಶ್ಚಲತೆಯನ್ನೂ ಬೆರೆಸಿದ ವಾರ್ಷಿಕ ಸರಾಸರಿ, ದೋಷವನ್ನು ಮುಚ್ಚಿಡುವ ಹೊದಿಕೆ.

ಇದು ನಗರದವರ ತಾಪತ್ರಯವೆಂದು ಮಲೆನಾಡು ಸುಮ್ಮನಿರುವಂತಿಲ್ಲ. ದೊಡ್ಡ ಚೌಕದೊಳಗೆ ಮುಳ್ಳಯ್ಯನಗಿರಿಯ ನೆತ್ತಿಯೂ ಬುಡದ ಕಣಿವೆಯೂ ಒಂದೇ ಎತ್ತರದ ನೆಲ. ಕಣಿವೆಯಲ್ಲಿ ಇರುಳು ತಂಗುವ ತಣ್ಣನೆಯ ಗಾಳಿ ಲೆಕ್ಕಕ್ಕೇ ಬಾರದು. ನಾಳೆ ಕಲ್ಲುಗಣಿಯೋ ಕಾರ್ಖಾನೆಯೋ ಬಂದಾಗ ಇಂಥದೇ ಲೆಕ್ಕ 'ಧೂಳು ಮಿತಿಯೊಳಗಿದೆ' ಎಂದು ಸಾಕ್ಷಿ ನುಡಿದೀತು.

2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರೂ ಇದೆ. ಸಾರ್ವಜನಿಕ ಹಣದಿಂದ ನಡೆಯುವ ಯೋಜನೆಗೆ ಆಧಾರವಾದ ಪ್ರತಿಯೊಂದು ಮಾದರಿಯ ಪರೀಕ್ಷಾಫಲವೂ ಸಾರ್ವಜನಿಕವಾಗಲಿ. ಚಳಿಗಾಲದ ರಾತ್ರಿಗಳ ಗಾಳಿಯ ವೇಗ ಹಾಗೂ ಪದರದ ಎತ್ತರಗಳನ್ನು ಬಲೂನು ಮಾಪನದೊಂದಿಗೆ, ಸ್ಥಳೀಯ ಕೇಂದ್ರಗಳ ದಾಖಲೆಯೊಂದಿಗೆ ಪ್ರತ್ಯೇಕವಾಗಿ ಹೋಲಿಸಿ ಪ್ರಕಟಿಸಲಿ. ಪರಿಸರ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಗ್ರಾಮಸ್ಥರೂ ವಿದ್ಯಾರ್ಥಿಗಳೂ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಗಾಳಿ ನಿಂತ ರಾತ್ರಿ ನಿಮ್ಮ ಮಾದರಿ ಏನು ಹೇಳಿತು, ಮಾಪಕ ಏನು ಹೇಳಿತು?