ನಿಂತ ನೀರೂ ಕಳೆದ ಸಾರಜನಕವೂ

ನೈಋತ್ಯ ಮಳೆಗಾಲದಲ್ಲಿ ಕಾರವಾರದ ತೀರಸಮುದ್ರಕ್ಕೆ ಆಮ್ಲಜನಕ ಕಡಿಮೆಯಾದ ಆಳದ ನೀರು ಏರಿಬರುವದು. ಸೆಪ್ಟೆಂಬರ-ಅಕ್ಟೋಬರದ ಹೊತ್ತಿಗೆ ಉಳಿದ ಆಮ್ಲಜನಕವೂ ತೀರಲು, ಸೂಕ್ಷ್ಮಜೀವಿಗಳು ನೈಟ್ರೇಟಿನೊಳಗಿನದನ್ನೇ ಬಳಸುವವು. ಸಾರಜನಕವು ವಾಯುವಾಗಿ ಹಾರಿಹೋಗುವದು. ಗೊಳಸಂಗಿಯ ಎರೆಭೂಮಿಯಲ್ಲಿ ನೀರು ನಿಂತು ಮಣ್ಣಿಗೆ ಗಾಳಿ ತಪ್ಪಿದರೆ ಆಗುವದೂ ಇದೇ. ಬೆಳೆ ಹಳದಿಯಾದೊಡನೆ ಮತ್ತೊಂದು ಚೀಲ ಯೂರಿಯಾ ಚೆಲ್ಲುವದು ಹಲವರ ರೂಢಿ. ನೀರು ಬಸಿಯದ ಹೊಲಕ್ಕೆ ಅದು ತೂತುಬಿದ್ದ ಕಣಜಕ್ಕೆ ಕಾಳು ಸುರಿದಂತೆ. ಮೊದಲು ಬಸಿಗಾಲುವೆ, ಬಳಿಕ ಗೊಬ್ಬರ. ಅದನ್ನೂ ಎರಡು ಮೂರು ಕಂತಿನಲ್ಲಿ ಕೊಡತಕ್ಕದ್ದು. ಆದರೆ ಒಬ್ಬನು ಹೊರಹಾಕಿದ ನೀರು ನೆರೆಯವನ ಹೊಲದಲ್ಲಿ ನಿಲ್ಲುವದು. ಆದುದರಿಂದ ಊರಿನ ಹಿರಿಯರೂ ಭೂಮಾಲಕರೂ ಮುಂಗಾರಿಗೆ ಮುಂಚೆ ಕೂಡಿ, ನೀರು ಹಳ್ಳ ಸೇರುವ ದಾರಿಯನ್ನು ಒಮ್ಮತದಿಂದ ಗೊತ್ತುಮಾಡುವದು ಉಚಿತ.