ಪ್ರೌಢಶಾಲೆಗಳಲ್ಲಿ ವೆಲ್ಡಿಂಗ್, ಫಿಟ್ಟಿಂಗ್ ಕಲಿಕೆ ಆರಂಭಿಸಲು ಕೋರಿ ಮನವಿ ಪತ್ರ

ಗೆ,
ಮಾನ್ಯ ಉಪನಿರ್ದೇಶಕರು (ಆಡಳಿತ),
ಶಾಲಾ ಶಿಕ್ಷಣ ಇಲಾಖೆ, ಹಾವೇರಿ.

ಇವರಿಂದ,
ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲೂಕುಗಳ ಸರ್ಕಾರಿ ಪ್ರೌಢಶಾಲೆಗಳ ಪಾಲಕರು ಹಾಗೂ ಎಸ್‌ಡಿಎಂಸಿ ಸದಸ್ಯರು.

ವಿಷಯ: 9 ಮತ್ತು 10ನೇ ತರಗತಿಗೆ ವೆಲ್ಡಿಂಗ್ ಹಾಗೂ ಫಿಟ್ಟಿಂಗ್ ವೃತ್ತಿ ವಿಷಯವನ್ನು ಮಂಜೂರು ಮಾಡುವ ಬಗ್ಗೆ.

ಮಾನ್ಯರೇ,

ಹಾವೇರಿಯಿಂದ ಮೋಟೆಬೆನ್ನೂರು ದಾಟಿ ರಾಣೇಬೆನ್ನೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 48ರ ಅಕ್ಕಪಕ್ಕ ವೆಲ್ಡಿಂಗ್ ಶಾಪ್‌ಗಳಿಗೆ ಬರವಿಲ್ಲ. ಟ್ರ್ಯಾಕ್ಟರ್ ಟ್ರೇಲರ್, ರೆಂಟೆ, ಕುಂಟೆ, ಕೂರಿಗೆ, ಶೆಡ್ಡಿನ ಕಬ್ಬಿಣದ ಕೆಲಸ ಎಲ್ಲ ಅಲ್ಲೇ ಆಗುತ್ತವೆ. ಗೋವಿನಜೋಳದ ರಾಶಿ ಯಂತ್ರ ಸುಗ್ಗಿಯಲ್ಲಿ ಮುರಿದರೆ ರೈತ ಓಡುವುದು ಅಲ್ಲಿಗೇ. ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಮತ್ತು ಖಾರದ ಪುಡಿ ಗಿರಣಿಗಳಿಗೆ, ಕುಮಾರಪಟ್ಟಣಂನ ಗ್ರಾಸಿಮ್ ಕಾರ್ಖಾನೆಗೆ ಕೈಪಳಗಿದ ಫಿಟ್ಟರ್, ವೆಲ್ಡರ್ ಬೇಕೇ ಬೇಕು. ತುಂಗಭದ್ರೆಯ ಆಚೆ ದಡದಲ್ಲಿ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ಲೇತ್ ತಯಾರಿಸುತ್ತಿದ್ದ ಕಾಲದಿಂದಲೂ ಕಬ್ಬಿಣದ ಕೆಲಸ ಈ ಭಾಗಕ್ಕೆ ಹೊಸದಲ್ಲ.

ಆದರೆ ನಮ್ಮ ಮಕ್ಕಳು ಈ ಕೆಲಸ ಕಲಿಯುವ ಬಗೆ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಎರಡು ವಿಷಯ ಹೋದ ಹುಡುಗ ಮರುವಾರವೇ ಯಾವುದೋ ಶಾಪಿನಲ್ಲಿ ಹೆಲ್ಪರ್. ಕಾಲಿಗೆ ಹವಾಯಿ ಚಪ್ಪಲಿ, ಕೈಗೆ ಗ್ಲೌಸ್ ಇಲ್ಲ, ಕಣ್ಣಿಗೆ ಹೆಚ್ಚೆಂದರೆ ಒಂದು ತಂಪು ಕನ್ನಡಕ. ಆರ್ಕ್ ಬೆಳಕಿಗೆ 10 ಅಥವಾ 11ನೇ ನಂಬರಿನ ಕಪ್ಪು ಗಾಜು ಬೇಕು ಎಂದು ಅವನಿಗೆ ಹೇಳಿದವರಿಲ್ಲ. ಹಗಲು ಏನೂ ಅನಿಸುವುದಿಲ್ಲ. ರಾತ್ರಿ ಕಣ್ಣಲ್ಲಿ ಮರಳು ತುಂಬಿದಂತೆ ಉರಿ ಶುರುವಾಗುತ್ತದೆ. ಜಿಐ ಪೈಪ್ ಬೆಸೆಯುವಾಗ ಏಳುವ ಸತುವಿನ ಹೊಗೆಯಿಂದ ಚಳಿಜ್ವರ ಬಂದರೆ ಮನೆಯವರು ಮಳೆಯಲ್ಲಿ ನೆನೆದದ್ದಕ್ಕೆ ಎಂದುಕೊಳ್ಳುತ್ತಾರೆ. 18 ವರ್ಷದೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದು ಎಂಬ ಕಾನೂನು ನ್ಯಾಯವಾದದ್ದು, ಅದನ್ನು ಸಡಿಲಿಸಿ ಎಂದು ನಾವು ಕೇಳುತ್ತಿಲ್ಲ. ಗುರುಗಳ ಕಣ್ಣೆದುರು, ಸುರಕ್ಷಿತವಾದ ವರ್ಕ್‌ಶಾಪಿನಲ್ಲಿ ಕಲಿಸಿ ಎಂದು ಕೇಳುತ್ತಿದ್ದೇವೆ.

ರಾಜ್ಯದಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ (ಎನ್‌ಎಸ್‌ಕ್ಯೂಎಫ್) ಅಡಿ ಮೂರನೇ ಭಾಷೆಯ ಬದಲು ವೃತ್ತಿ ವಿಷಯ ಆಯ್ದುಕೊಳ್ಳಲು ಈಗಾಗಲೇ ಅವಕಾಶವಿದೆ. ಮಾಹಿತಿ ತಂತ್ರಜ್ಞಾನ, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ವಿಷಯಗಳ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಊರಿನ ಕೆಲಸ ಯಾವುದೋ ಅದು ಊರಿನ ಶಾಲೆಯಲ್ಲೂ ಸಿಗಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2025ರ ಹೊತ್ತಿಗೆ ಕನಿಷ್ಠ ಶೇ. 50ರಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕು ಎಂದಿತ್ತು.

ಆದ್ದರಿಂದ ಮೂರೂ ತಾಲೂಕುಗಳಲ್ಲಿ ತಲಾ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಾದರೂ ಬರುವ ಶೈಕ್ಷಣಿಕ ವರ್ಷದಿಂದ ಈ ವಿಷಯ ಆರಂಭವಾಗಲಿ. ಸುತ್ತಲಿನ ಶಾಲೆಗಳ ಮಕ್ಕಳೂ ವಾರಕ್ಕೊಮ್ಮೆ ಅಲ್ಲಿಗೆ ಬರುವಂತಾಗಲಿ. ಬಸ್ ಪಾಸ್ ಇದ್ದೇ ಇದೆ.

ಯಂತ್ರ ಕೊಟ್ಟು ಕೈತೊಳೆದುಕೊಳ್ಳಬಾರದು ಎಂಬುದು ನಮ್ಮ ಮುಖ್ಯ ಬೇಡಿಕೆ. ಹಳ್ಳಿ ಶಾಲೆಯ ಸಿಂಗಲ್ ಫೇಸ್ ಲೈನಿನಲ್ಲಿ ಹಳೆಯ ಮಾದರಿಯ ದೊಡ್ಡ ಟ್ರಾನ್ಸ್‌ಫಾರ್ಮರ್ ಸೆಟ್ ನಡೆಯುವುದಿಲ್ಲ. ಹೆಸ್ಕಾಂನಿಂದ ತ್ರೀ ಫೇಸ್ ಸಂಪರ್ಕ ಪಡೆಯಬೇಕು, ಇಲ್ಲವೇ ಸಿಂಗಲ್ ಫೇಸಿನಲ್ಲಿ ನಡೆಯುವ ಸಣ್ಣ ಇನ್‌ವರ್ಟರ್ ವೆಲ್ಡಿಂಗ್ ಸೆಟ್‌ಗಳನ್ನೇ ಕೊಡಬೇಕು. ಅರ್ಥಿಂಗ್ ಸರಿಯಾಗಿರಬೇಕು, ಹೊಗೆ ಹೋಗಲು ಎಕ್ಸಾಸ್ಟ್ ಫ್ಯಾನ್ ಬೇಕು. ರಾಡ್, ಗ್ರೈಂಡಿಂಗ್ ಚಕ್ರ, ಕಬ್ಬಿಣದ ಪಟ್ಟಿಗೆ ಪ್ರತಿ ವರ್ಷ ಅನುದಾನ ಇರಬೇಕು. ರಾಡ್ ಮುಗಿದ ದಿನವೇ ವರ್ಕ್‌ಶಾಪಿಗೆ ಬೀಗ ಬೀಳುತ್ತದೆ, ಆಮೇಲೆ ಅದು ಮುರಿದ ಡೆಸ್ಕ್ ಇಡುವ ಕೋಣೆಯಾಗುತ್ತದೆ.

ಕಲಿಸುವವರು ವರ್ಷವರ್ಷ ಬದಲಾಗುವ ಹೊರಗುತ್ತಿಗೆಯವರಾಗದೆ ಕಾಯಂ ಆಗಿರಲಿ. ಅಲ್ಲಿಯವರೆಗೆ ಸರ್ಕಾರಿ ಐಟಿಐಗಳ ಬೋಧಕರನ್ನು ನಿಯೋಜಿಸಬಹುದು. ಹೆಣ್ಣುಮಕ್ಕಳಿಗೆ ಅರ್ಧ ಸೀಟು ಮೀಸಲಿಡಿ. ಅಳತೆ ಹಿಡಿಯಲು, ಸ್ಥಿರವಾಗಿ ರಾಡ್ ನಡೆಸಲು ಬೇಕಾದ ಕೈ ಅವರಿಗೂ ಇದೆ. ಹತ್ತನೇ ತರಗತಿಯ ವೃತ್ತಿ ಪ್ರಮಾಣಪತ್ರ ಇರುವವರಿಗೆ ಐಟಿಐ ಪ್ರವೇಶದಲ್ಲಿ ಆದ್ಯತೆ ಕೊಡಿಸಲು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಗೆ ತಾವು ಶಿಫಾರಸು ಮಾಡಬೇಕು.

ತಾವು ಮೂರೂ ತಾಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಭೆ ಕರೆದು, ನಮ್ಮ ಪ್ರತಿನಿಧಿಗಳನ್ನೂ ಕೂರಿಸಿಕೊಂಡು, ಮುಂದಿನ ದಾಖಲಾತಿ ಆರಂಭವಾಗುವ ಮೊದಲೇ ಶಾಲೆಗಳನ್ನು ಗುರುತಿಸಿ ಲಿಖಿತ ಉತ್ತರ ನೀಡಬೇಕೆಂದು ವಿನಂತಿಸುತ್ತೇವೆ.

ಸ್ಥಳ: ಹಾವೇರಿ

ಇಂತಿ ತಮ್ಮ ವಿಶ್ವಾಸಿಗಳು,
ಮೂರು ತಾಲೂಕುಗಳ ಪಾಲಕರು ಮತ್ತು ಎಸ್‌ಡಿಎಂಸಿ ಸದಸ್ಯರು